ಅಜೀಜ್ ಸಾಬರ ಕೊನೆಯ ರೆಕ್ಕೆ

ಅಹ್ಮದ್ ಸೋದರಮಾವನ ಹೊಲಿಗೆ ಪೆಟ್ಟಿಗೆಯನ್ನು ಚಾಪೆಯ ಮೇಲೆ ಬೋರಲು ಹಾಕಿದ. ಗುಂಡಿ, ಸೂಜಿ, ಸೀಮೆಸುಣ್ಣದ ಚೂರು, ಕೊಡೆಯ ಮುರಿದ ಕಡ್ಡಿ, ಅರ್ಧ ಸೇದಿ ಆರಿಸಿಟ್ಟ ಬೀಡಿ, ಎಲ್ಲ ಬಿದ್ದವು. ಕತ್ತರಿಯೊಂದು ಮಾತ್ರ ಬೀಳಲಿಲ್ಲ. ಜಗಲಿಯಲ್ಲಿ ಜಮಾತಿನ ಹಿರಿಯ ಮಹಮ್ಮದ್ ಸಾಬರು ಹೆಣಕ್ಕೆ ಹೊದಿಸುವ ಕಫನ್ ಬಟ್ಟೆಯ ಮಡಿಕೆ ಹಿಡಿದು ಕಾಯುತ್ತಿದ್ದರು.

"ಸಿಕ್ತೇನಾ?"

"ಊರಿನ ಬಟ್ಟೆಯೆಲ್ಲ ಕತ್ತರಿಸಿದ ಮನುಷ್ಯನ ಮನೇಲಿ ಕತ್ತರಿ ಇಲ್ಲ ಚಾಚಾ. ಮಾಮು ಜತೇಲೇ ತಗೊಂಡು ಹೋದ್ರು ಅಂತ ಕಾಣ್ತದೆ."

"ಮನೇಲಿ ಮಯ್ಯತ್ ಇಟ್ಕೊಂಡು ತಮಾಷೆನಾ? ಇವತ್ತೊಂದಿನ ಬಾಯಿಗೆ ಬೀಗ ಹಾಕು ಮಾರಾಯ."

ಬೀಗ ತಾನಾಗಿಯೇ ಬಿತ್ತು. ಪೆಟ್ಟಿಗೆಯ ತಳದಿಂದ ಕೆಂಪು ದಾರದ ಸಿಕ್ಕೊಂದು ಉರುಳಿತ್ತು. ಬಿಚ್ಚಿ ಎಳೆದ ದಾರ. ಒಂದೊಂದು ಗೇಣಿಗೂ ಹೊಲಿಗೆಯ ಸುಕ್ಕು ಹಾಗೇ ಇತ್ತು. ಅದರ ಪಕ್ಕದಲ್ಲಿ ಮೇಣ ಹಚ್ಚಿದ ಬಿಳಿ ಹುರಿಯ ಹೊಸ ಉಂಡೆ, ಕಾಗದ ಸಹ ಹರಿಯದೆ ಕುಳಿತಿತ್ತು. ಮೊನ್ನೆ ಅದನ್ನು ಅಂಗಡಿಯಿಂದ ತಂದುಕೊಟ್ಟವನು ಅಹ್ಮದನೇ. ಎಡಗಡೆಯ ರೆಕ್ಕೆಗೆ ಅಂತ.

ಅವನು ಹಿತ್ತಿಲಿಗೆ ಓಡಿದ. ಹಿತ್ತಿಲು ಖಾಲಿ. ರೆಕ್ಕೆಯನ್ನು ಮಲಗಿಸಿದ್ದ ಬಿದಿರಿನ ಮೇಜೊಂದೇ ಬಿಸಿಲು ಕಾಯುತ್ತಿತ್ತು.

ನರಸಿಂಹರಾಜಪುರದ ಪೇಟೆಯಲ್ಲಿ ಅಬ್ದುಲ್ ಅಜೀಜ್ ಅಂದರೆ ಮಳೆಗಾಲದಲ್ಲಿ ಕೊಡೆ ರಿಪೇರಿ, ಮದುವೆಯ ಕಾಲದಲ್ಲಿ ಹಾಸಿಗೆ ದಿಂಬು, ಉಳಿದಂತೆ ನಾಲ್ಕು ವರ್ಷದಿಂದ ವಿಮಾನದ ರೆಕ್ಕೆ. ಕೊನೆಯದನ್ನು ಕೇಳಿದವರು ಮೊದಲು ನಗುತ್ತಿದ್ದರು, ಆಮೇಲೆ ಹಿತ್ತಿಲಿಗೆ ಬಂದು ನೋಡಿ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಬಸರೀಕಟ್ಟೆಯ ಕಾಫಿ ತೋಟದ ಸಾಹುಕಾರ ರಘುಪತಿ ತನ್ನ ಕಂಪನಿಯಲ್ಲಿ ಇಬ್ಬರು ಕೂರುವ ಪುಟ್ಟ ವಿಮಾನಗಳನ್ನು ಮಾಡಿಸುತ್ತಿದ್ದ. ತೋಟಗಳಿಗೆ ಮೇಲಿನಿಂದ ಔಷಧಿ ಹೊಡೆಯಲಿಕ್ಕೆ. ಪೈಪಿನ ಮೈ ಕೊಪ್ಪದಲ್ಲಿ ವೆಲ್ಡಿಂಗ್, ಮುಂದಿನ ಮರದ ಫ್ಯಾನು ಮೆಣಸೆಯಲ್ಲಿ, ರೆಕ್ಕೆಗೆ ಬಟ್ಟೆ ತೊಡಿಸುವುದು ಅಜೀಜರ ಹಿತ್ತಿಲಲ್ಲಿ.

ಅಜೀಜರದು ಒಂದೇ ಪದ್ಧತಿ. ಮೊದಲು ಕೆಂಪು ದಾರದಲ್ಲಿ ಕಚ್ಚಾ ಹೊಲಿಗೆ, ಬಟ್ಟೆ ಅಲ್ಲಾಡದಂತೆ. ಆಮೇಲೆ ಅಂಚಿನ ಬಟ್ಟೆ ಪಟ್ಟಿಯ ಅಡಿಯಲ್ಲಿ ಮೇಣದ ಹುರಿಯಿಂದ ಪಕ್ಕಾ ಹೊಲಿಗೆ. ಅದು ಮುಗಿದ ಮೇಲೆಯೇ ಕೆಂಪು ತೆಗೆದು, ಪಟ್ಟಿಗೆ ಅಂಟು ಹಚ್ಚಿ ಒತ್ತುವುದು. ಕೆಂಪು ಇದ್ದರೆ ರೆಕ್ಕೆ ಮುಟ್ಟಬಾರದು. ಕೆಂಪು ಹೋಗಿದ್ದರೆ ಕಣ್ಣು ಮುಚ್ಚಿ ಒಯ್ಯಬಹುದು. ಕಂಪನಿಯ ವ್ಯಾನ್ ಡ್ರೈವರ್ ಧರ್ಮಪ್ಪನಿಗೂ ಅದೇ ಕಾನೂನು, ಸಾಹುಕಾರನಿಗೂ ಅದೇ.

ಈಗ ಹುರಿಯ ಉಂಡೆ ಇಲ್ಲಿತ್ತು, ಕೆಂಪು ದಾರ ಇಲ್ಲಿತ್ತು, ರೆಕ್ಕೆ ಇಲ್ಲಿರಲಿಲ್ಲ.

ಒಳಕೋಣೆಯಲ್ಲಿ ಹೆಂಗಸರ ನಡುವೆ ಗೋಡೆಗೊರಗಿ ಅಜೀಜರ ಹೆಂಡತಿ ಹಲೀಮಾ ಕುಳಿತಿದ್ದಳು. ಬೆಳಗ್ಗೆ ಯಾರೋ ಒಡೆದಿದ್ದ ಹಸಿರು ಬಳೆಗಳ ಗೀರು ಮುಂಗೈ ಮೇಲೆ ಹಾಗೇ ಇತ್ತು. ಅಹ್ಮದ್ ಬಾಗಿಲಲ್ಲಿ ನಿಂತು ಕೆಂಪು ದಾರ ತೋರಿಸಿದ.

"ಮಾಮಿ, ಇದನ್ನ ಯಾರು ಬಿಚ್ಚಿದ್ದು?"

ಹಲೀಮಾ ಎದ್ದು ಬಂದಳು. "ನಾನೇ. ನೀನು ನಿನ್ನ ಅಮ್ಮನ್ನ ಕರ್ಕೊಂಡು ಬರ್ಲಿಕ್ಕೆ ಕೊಪ್ಪಕ್ಕೆ ಹೋಗಿದ್ಯಲ್ಲ, ಆಗ ಧರ್ಮಪ್ಪ ಬಂದಿದ್ದ. ಕೆಂಪು ಕಂಡು ಮುಟ್ಟಲಿಲ್ಲ. ಆಮೇಲೆ ಬರ್ತೀನಮ್ಮ ಅಂತ ಚಾ ಕುಡೀಲಿಕ್ಕೆ ಹೋದ."

"ಹೋಗ್ಲಿ ಬಿಡಬೇಕಿತ್ತು."

"ಹೇಗೆ ಬಿಡೋದು? ಪರರ ವಸ್ತು, ಅಮಾನತ್. ಮನೇಲಿ ಅಮಾನತ್ ಇಟ್ಕೊಂಡು ಅವರನ್ನ ಮಣ್ಣಿಗೆ ಕಳಿಸಬಾರದು. ಹೊಲಿಗೆ ಮುಗಿದಿದೆ, ಈ ಕೆಂಪು ತೆಗೆಯೋದೊಂದೇ ಬಾಕಿ ಅಂದ್ಕೊಂಡೆ. ತೆಗ್ದೆ. ಅವರು ಮಾಡೋ ಹಾಗೇ ಅಂಟು ಹಚ್ಚಿ ಒತ್ತಿದೆ. ಧರ್ಮಪ್ಪ ವಾಪಸ್ ಬಂದಾಗ, ಮನೆಯವರು ಹೊಲಿಗೆ ಮುಗಿಸಿದ್ರು, ಕೆಂಪೂ ತೆಗೆದಾಯ್ತು, ತಗೊಂಡು ಹೋಗಪ್ಪ ಅಂದೆ."

"ಮಾಮಿ, ಒಳಗೆ ಹೊಲಿಗೆಯೇ ಇಲ್ಲ."

ಅವಳು ಅವನ ಇನ್ನೊಂದು ಕೈಯಲ್ಲಿದ್ದ ಹುರಿಯ ಉಂಡೆಯನ್ನು ನೋಡಿದಳು. ಕಾಗದ ಹರಿಯದ ಉಂಡೆ ಏನು ಹೇಳುತ್ತದೆ ಅಂತ ದರ್ಜಿಯ ಹೆಂಡತಿಗೆ ವಿವರಿಸಬೇಕಾಗಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಇವತ್ತೇ ಅಲ್ವಾ ಹಾರಿಸೋದು?"

"ಇವತ್ತೇ. ಕಡಹಿನಬೈಲಿನ ಗದ್ದೇಲಿ. ಹೊಸ ಶೆಡ್ಡಿನ ಮೊದಲನೇ ವಿಮಾನ, ಸಾಹುಕಾರರೇ ಹಾರಿಸ್ತಾರೆ."

"ಓಡು. ಓಡೋ!" ಅಂದವಳು ಮರುಕ್ಷಣ ಅವನ ತೋಳು ಹಿಡಿದಳು. "ಅಹ್ಮದ್... ಅಬ್ದುಲ್ ಅಜೀಜ್ ಕೊನೇ ಕೆಲಸ ಅರೆಬರೆ ಮಾಡಿ ಕೊಟ್ಟ ಅಂತ ಊರು ಹೇಳೋ ಹಾಗೆ ಮಾಡಬೇಡ. ಅವರು ಎದ್ದು ಬಂದು ಉತ್ತರ ಕೊಡ್ಲಿಕ್ಕಾಗಲ್ಲ."

ಜಗಲಿಯಲ್ಲಿ ಮಹಮ್ಮದ್ ಸಾಬರು ಹಲ್ಲಿನಿಂದಲೇ ಬಟ್ಟೆಯ ಅಂಚು ಕಚ್ಚಿ ಕಫನ್ ಹರಿದಿದ್ದರು.

"ಚಾಚಾ, ಬೈಕಿನ ಕೀ ಕೊಡಿ."

"ಎಲ್ಲಿಗೆ? ಮಧ್ಯಾಹ್ನದ ಜೊಹರ್ ನಮಾಜ್ ಮುಗಿದ ಕೂಡಲೇ ಜನಾಜಾ ಹೊರಡ್ತದೆ. ಗಂಡುಮಕ್ಕಳಿಲ್ಲದ ಮನುಷ್ಯ. ಗೋರಿಗೆ ಇಳಿಸಲಿಕ್ಕೆ ಸೋದರಳಿಯ ನೀನೇ ಆಗಬೇಕು. ಮಯ್ಯತ್ ಯಾರಿಗೂ ಕಾಯೋದಿಲ್ಲ."

"ಕಾಯಬೇಡಿ. ಕೀ ಕೊಡಿ."

ಅಹ್ಮದನ ಬಾಯಿಂದ ಅಷ್ಟು ಚಿಕ್ಕ ಮಾತು ಹಿಂದೆಂದೂ ಬಂದಿರಲಿಲ್ಲ. ಊರಿಗೆ ಬರುವ ಟೂರಿಂಗ್ ಟಾಕೀಸಿನ ಸಿನಿಮಾಗಳನ್ನು ಮೈಕಿನಲ್ಲಿ ಕೂಗುವುದು ಅವನ ಉದ್ಯೋಗ. 'ಉಪ್ಪು ಕೊಡಿ' ಅನ್ನುವುದಕ್ಕೂ ಖಳನಾಯಕನ ಗುಹೆ, ತಾಯಿಯ ಕಣ್ಣೀರು ಎರಡನ್ನೂ ಎಳೆದು ತರುವ ಗಿರಾಕಿ. ಮಹಮ್ಮದ್ ಸಾಬರು ಗಾಬರಿಯಿಂದಲೇ ಕೀ ಕೊಟ್ಟರು.

* * *

ರೆಕ್ಕೆಗಳು ಮೊದಲು ಬಸ್ಸಿನ ಮೇಲೆ ಹೋಗುತ್ತಿದ್ದವು. ಅಕ್ಕಿಮೂಟೆ, ಬಾಳೆಗೊನೆ, ಕೋಳಿಬುಟ್ಟಿ, ಅವುಗಳ ಮೇಲೆ ಅಜೀಜರ ರೆಕ್ಕೆ. ಒಂದು ಸಲ ಕೊಪ್ಪದ ತಿರುವಿನಲ್ಲಿ ಗಾಳಿ ಎದ್ದು ರೆಕ್ಕೆ ಹಗ್ಗದ ಸಮೇತ ಎದ್ದು ನಿಂತಿತು. ಬಸ್ಸೇ ಹಾರುತ್ತದೆ ಅಂತ ಒಳಗಿದ್ದವರು ಕೂಗಿಕೊಂಡರು. ಕಂಡಕ್ಟರ್ ಅಂದಿನಿಂದ ರೆಕ್ಕೆಗೆ ಎರಡು ಟಿಕೆಟ್ ಹರಿಯತೊಡಗಿದ.

ಕೊಪ್ಪದ ಪೈಪು ಮೆಣಸೆಯ ಮರಕ್ಕೆ ಕೂಡುತ್ತಿರಲಿಲ್ಲ, ಎರಡೂ ಸೇರಿ ಪುರದ ರೆಕ್ಕೆಗೆ ಕೂಡುತ್ತಿರಲಿಲ್ಲ. ಕೊನೆಗೆ ರಘುಪತಿ ಅಜೀಜರ ಅಂಗಡಿಗೆ ಬಂದು ಕೊಡೆಗಳ ನಡುವೆ ಸ್ಟೂಲಿನ ಮೇಲೆ ಕುಳಿತ.

"ಅಜೀಜ್ ಸಾಬ್ರೇ, ಇನ್ನು ಊರೂರು ಸುತ್ತಿಸೋದು ಸಾಕು. ಎಲ್ಲ ಜೋಡಣೆ ಬಸರೀಕಟ್ಟೆಯ ಶೆಡ್ಡಲ್ಲೇ. ನೀವೂ ಅಲ್ಲಿಗೇ ಬನ್ನಿ. ತಿಂಗಳ ಸಂಬಳ, ಇರ್ಲಿಕ್ಕೆ ಮನೆ."

"ಶೆಡ್ಡಲ್ಲಿ ಗಂಟೆ ಹೊಡೀತಾರಂತೆ ಹೌದಾ?"

"ಹೊಡೀತಾರೆ. ಕೆಲಸ ಶುರುವಿಗೊಂದು, ಊಟಕ್ಕೊಂದು."

"ಹಾಗಾದ್ರೆ ಬೇಡ ಸಾರ್. ನನಗೆ ಹಸಿವಾದಾಗ ನನ್ನ ಹೊಟ್ಟೆಯೇ ಹೇಳ್ತದೆ." ಅಜೀಜ್ ಕೊಡೆಯೊಂದನ್ನು ಬಿಚ್ಚಿ ಬೆಳಕಿಗೆ ಹಿಡಿದು ತೂತು ಹುಡುಕಿದರು. "ಈಗ ಕೈಲಿರೋ ಎರಡು ರೆಕ್ಕೆ ಮುಗಿಸಿಕೊಡ್ತೀನಿ. ಆಮೇಲೆ ನಿಮ್ಮ ಶೆಡ್ಡು ನಿಮಗೆ, ನನ್ನ ಕೊಡೆ ನನಗೆ."

"ಒಂದು ಸಲನಾದ್ರೂ ಹತ್ತಿ ಸಾಬ್ರೇ, ಒಂದು ಸುತ್ತು ಹಾಕಿಸ್ತೀನಿ."

"ಯಾ ಅಲ್ಲಾ! ಅಟ್ಟ ಹತ್ತಲಿಕ್ಕೇ ಈ ಅಹ್ಮದನ್ನ ಕರೀತೀನಿ ನಾನು."

ಅದು ಸುಳ್ಳಲ್ಲ. ಏಣಿಯ ಮೂರನೇ ಮೆಟ್ಟಿಲಿನಿಂದಲೇ ಅಜೀಜರು ವಾಪಸ್ ಇಳಿಯುತ್ತಿದ್ದರು. ತಾನು ಬಟ್ಟೆ ತೊಡಿಸಿದ ವಿಮಾನಗಳನ್ನೆಲ್ಲ ಅವರು ಗದ್ದೆಯ ಬದುವಿನ ಮೇಲೆ ಕುಳಿತು, ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ನೋಡುತ್ತಿದ್ದರು. ಇಳಿಯುವವರೆಗೂ ಉಗುಳು ನುಂಗುತ್ತಿರಲಿಲ್ಲ. ಇಳಿದ ಮೇಲೆ, "ಹ್ಞಾ, ಬಂತು," ಅನ್ನುತ್ತಿದ್ದರು, ಮನೆಗೆ ಹಸು ಬಂದ ಹಾಗೆ.

ನಿನ್ನೆ ಸಂಜೆ ಅಂಗಡಿಯ ಹಲಗೆ ಮುಚ್ಚುತ್ತಿದ್ದಾಗ ಎದೆ ಹಿಡಿದುಕೊಂಡು ಕುಳಿತವರು ಏಳಲಿಲ್ಲ.

* * *

ಕಡಹಿನಬೈಲಿನಲ್ಲಿ ಕೊಯ್ಲು ಮುಗಿದ ಗದ್ದೆಗಳ ಬದುಗಳನ್ನು ಕಡಿದು ಓಟದ ಹಾದಿ ಮಾಡಿದ್ದರು. ಶಾಮಿಯಾನದ ಅಡಿ ಕುರ್ಚಿಗಳು, ತೋಟದ ಸಾಹುಕಾರರು, ಕಬ್ಬಿನ ಹಾಲಿನ ಗಾಡಿ. ಹಗ್ಗ ಕಟ್ಟಿದ ದಾರಿಯಲ್ಲಿ ಧರ್ಮಪ್ಪ ಅಡ್ಡ ನಿಂತಿದ್ದ.

"ನೀನಾ? ಮಾಮು ಮಣ್ಣಾಗೋ ಮೊದಲೇ ವಿಮಾನ ನೋಡ್ಲಿಕ್ಕೆ ಬಂದ್ಯಾ?"

"ಧರ್ಮಪ್ಪಣ್ಣ, ಎಡಗಡೆ ರೆಕ್ಕೆಗೆ ಹೊಲಿಗೆ ಆಗಿಲ್ಲ. ಹಾರಿಸಬೇಡಿ ಅಂತ ಹೇಳು."

ಧರ್ಮಪ್ಪ ನಕ್ಕ. "ಇದು ಯಾವ ಸಿನಿಮಾದ್ದು? ಎರಡನೇ ಭಾಗವಾ?"

ಮೊದಲನೇ ಭಾಗ ಕಳೆದ ವರ್ಷ ಆಗಿತ್ತು. ಅಹ್ಮದ್ ಅಂಚೆ ಕಚೇರಿಯ ಫೋನಿನಲ್ಲಿ ಮೂಗು ಹಿಡಿದುಕೊಂಡು, 'ದಿಲ್ಲಿಯಿಂದ ದೊಡ್ಡ ಅಧಿಕಾರಿಗಳು ಬರ್ತಿದ್ದಾರೆ, ವಿಮಾನ ತೊಳೆದಿಡಿ' ಅಂದಿದ್ದ. ರಘುಪತಿ ಟೈ ಕಟ್ಟಿಕೊಂಡು, ಆಳುಗಳಿಗೆಲ್ಲ ಶೂ ಹಾಕಿಸಿ ಇದೇ ಗದ್ದೆಯಲ್ಲಿ ಕತ್ತಲಾಗುವವರೆಗೂ ನಿಂತಿದ್ದ. ಅಧಿಕಾರಿಗಳ ಬದಲು ಒಂದು ಎಮ್ಮೆ ಬಂದು ಹಾರ ತಿಂದು ಹೋಯಿತು. ವಿಷಯ ಗೊತ್ತಾದ ಮೇಲೆ ಅಜೀಜ್ ಬಸರೀಕಟ್ಟೆಗೆ ಹೋಗಿ ಅಳಿಯನ ಪರವಾಗಿ ಕೈಮುಗಿದಿದ್ದರು. ಅವರು ಹೋದದ್ದು ಅಹ್ಮದನಿಗೆ ತಿಳಿದದ್ದೂ ಬಹಳ ದಿನ ಕಳೆದ ಮೇಲೆ.

ಅವನು ಹಗ್ಗದ ಅಡಿ ನುಸುಳಿ ಓಡಿದ. ವಿಮಾನದ ಮೂತಿಗೆ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದಾಗಿತ್ತು. ರಘುಪತಿ ಸೀಟಿನಲ್ಲಿ ಕುಳಿತು ಸೊಂಟದ ಪಟ್ಟಿ ಬಿಗಿಯುತ್ತಿದ್ದ. ಕನ್ನಡಕ ಹಣೆಯ ಮೇಲಿತ್ತು.

"ಸಾರ್, ಇಳೀರಿ! ಆ ರೆಕ್ಕೆ ಹೊಲಿದಿಲ್ಲ. ಬರೀ ಅಂಟಿನ ಮೇಲೆ ನಿಂತಿದೆ."

"ಕೆಂಪು ಹೋಗಿದೆಯಲ್ಲ."

"ಹೋಗಿದೆ. ಆದ್ರೂ ಹೊಲಿದಿಲ್ಲ. ಪಟ್ಟಿ ಎತ್ತಿ ನೋಡಿ, ನಿಮ್ಮ ದಮ್ಮಯ್ಯ."

ರಘುಪತಿ ಕನ್ನಡಕವನ್ನು ಕಣ್ಣಿಗೆ ಇಳಿಸಿದ. "ನೋಡು, ನಾಲ್ಕು ವರ್ಷದಲ್ಲಿ ಅಜೀಜ್ ಸಾಬರು ಕೆಂಪು ತೆಗೆದ ಮೇಲೆ ನಾನು ಒಂದು ಪಟ್ಟಿ ಎತ್ತಿ ನೋಡಿದವನಲ್ಲ. ಅವರು ತೀರಿಕೊಂಡ ದಿನ, ನಿನ್ನ ಮಾತು ಕಟ್ಟಿಕೊಂಡು, ಇಷ್ಟು ಜನರೆದುರು ಅವರ ಕೆಲಸ ಬಿಚ್ಚಿ ನೋಡ್ಲಾ? ಒಂದು ಸುತ್ತು ಹಾಕಿ ನೇರ ಮಣ್ಣಿಗೆ ಬರ್ತೀನಿ. ಇದು ಅವರಿಗೇ ಅಂತ ಹಾರಿಸ್ತಿರೋದು. ಧರ್ಮಪ್ಪ, ಇವನನ್ನ ಆಚೆ ಹಾಕು."

ಫ್ಯಾನು ತಿರುಗಿತು. ಒಣಹುಲ್ಲಿನ ಚೂರು, ಧೂಳು, ಕುಂಕುಮದ ಪುಡಿ ಎಲ್ಲ ಹಿಂದಕ್ಕೆ ಹಾರಿದವು. ಇಬ್ಬರು ಅಹ್ಮದನ ಕಂಕುಳಿಗೆ ಕೈಹಾಕಿ ಎಳೆದರು. ಶಾಮಿಯಾನದಲ್ಲಿ ಚಪ್ಪಾಳೆ ಶುರುವಾಯಿತು.

ಸಿನಿಮಾದಲ್ಲಾದರೆ ಈಗ ಒಂದು ಡೈಲಾಗು ಬರುತ್ತಿತ್ತು, ನಾಲ್ಕು ಜನ ಒಟ್ಟಿಗೇ ತಿರುಗಿ ನೋಡುತ್ತಿದ್ದರು. ಅಹ್ಮದನ ತಲೆಯಲ್ಲಿ ಅಂಥವು ನೂರಿದ್ದವು, ಬಾಯಿಗೆ ಒಂದೂ ಬರಲಿಲ್ಲ. ನಿಜ ಹೇಳಿದರೆ ನಂಬುವವರಿಲ್ಲ. ಇನ್ನೂ ನಿಜ ಹೇಳಬೇಕೆಂದರೆ ಮಾಮಿಯ ಹೆಸರು ಬರುತ್ತದೆ, ಮಾಮುವಿನ ಹೆಸರು ಹೋಗುತ್ತದೆ. ಹಾಗಾದರೆ ಈ ಜನ ತನ್ನ ಬಾಯಿಂದ ಏನನ್ನು ನಂಬುತ್ತಾರೆ?

ಅದು ಹೊಳೆದದ್ದೇ ಅವನು ಮೈ ಕೊಡವಿ, ಮೈಕಿಲ್ಲದ ಗಂಟಲಿನಲ್ಲಿ ಕಿರುಚಿದ.

"ನಾನೇ ಬಿಚ್ಚಿದ್ದು ಸಾರ್! ಮಾಮು ಹೊಲಿದು ಮುಗಿಸಿದ್ರು. ಒಳಗಿನ ಹುರಿ ನಾನೇ ಕತ್ತರಿಸಿ ಎಳೆದೆ. ನಿಮ್ಮನ್ನ ಹೆದರಿಸ್ಲಿಕ್ಕೆ! ತಮಾಷೆಗೆ!"

ಎಂಜಿನ್ ನಿಂತಿತು.

ಚಪ್ಪಾಳೆಯೂ ನಿಂತಿತು. ಒಬ್ಬನೇ ಒಬ್ಬ ಕೂಡ 'ಹೌದಾ?' ಅನ್ನಲಿಲ್ಲ. ಎಳೆಯುತ್ತಿದ್ದವರು ಕೈಬಿಟ್ಟು, ಹಾವು ಮುಟ್ಟಿದವರಂತೆ ದೂರ ಸರಿದರು. "ಇವನು ಮಾಡೋನೇ," ಅಂತ ಯಾರೋ ಹೇಳಿದರು. ರಘುಪತಿ ಸೊಂಟದ ಪಟ್ಟಿ ಕಳಚಿ ಇಳಿದು ಬಂದ. ಅವನ ಕೈ ದೊಡ್ಡದು. ಏಟು ಬಿದ್ದಾಗ ಅಹ್ಮದನಿಗೆ ಒಂದು ಕಿವಿ ಸ್ವಲ್ಪ ಹೊತ್ತು ಕೇಳಿಸಲಿಲ್ಲ.

"ನಿನ್ನ ಮಾಮು ನಿನಗೋಸ್ಕರ ನನ್ನ ಬಾಗಿಲಿಗೆ ಬಂದು ನಿಂತಿದ್ದರಲ್ಲೋ ಪಾಪಿ!"

ಅಹ್ಮದ್ ಕೆನ್ನೆ ಮುಟ್ಟಿಕೊಳ್ಳಲಿಲ್ಲ. "ಪಟ್ಟಿ ಎತ್ತಿ ನೋಡಿ ಸಾರ್," ಅಂದ.

ರಘುಪತಿ ಎಡ ರೆಕ್ಕೆಯ ಅಂಚಿನಲ್ಲಿ ಉಗುರು ತೂರಿಸಿ ಎಳೆದ. ಬೆಳಗಿನ ಅಂಟು ಇನ್ನೂ ಪೂರ್ತಿ ಒಣಗಿರಲಿಲ್ಲ, ಬೆಲ್ಲದ ಪಾಕದಂತೆ ಎಳೆಯೆಳೆಯಾಗಿ ಬಂತು. ಅಡಿಯಲ್ಲಿ ಹುರಿಯಿಲ್ಲ. ಗದ್ದೆಯ ಮೇಲಿಂದ ಬಂದ ಸಣ್ಣ ಗಾಳಿಯೇ ಸಾಕಾಯಿತು. ಬಟ್ಟೆ ಬಾಯಿ ತೆರೆದು ರೆಕ್ಕೆಯ ತುದಿಯವರೆಗೂ ಪಟಪಟನೆ ಬಿಚ್ಚಿಕೊಂಡು ಹೋಯಿತು. ಒಳಗಿನ ಪೈಪಿನ ಎಲುಬುಗಳು ಬಿಸಿಲಿಗೆ ಬಿದ್ದವು. ಶಾಮಿಯಾನದ ಕಡೆಯಿಂದ ಹೆಂಗಸೊಬ್ಬಳು 'ಅಯ್ಯೋ' ಅಂದಳು.

ರಘುಪತಿ ರೆಕ್ಕೆಗೆ ಕೈಯೂರಿ ನಿಂತ. ಹುರಿ ಕತ್ತರಿಸಿ ಎಳೆದಿದ್ದರೆ ಬಟ್ಟೆಯಲ್ಲಿ ಅದರ ದಪ್ಪ ತೂತುಗಳಾದರೂ ಇರಬೇಕಿತ್ತು. ಅವನ ಬೆರಳು ತೂತು ಹುಡುಕುತ್ತ, ಒಂದೂ ಸಿಗದೆ ಪಟ್ಟಿಯ ಉದ್ದಕ್ಕೂ ಸರಿದು, ಒಂದು ಕಡೆ ಥಟ್ಟನೆ ನಿಂತಿತು. ಅಂಟಿನೊಳಗೆ ಹಸಿರು ಗಾಜಿನ ಚೂರೊಂದು ಸಿಕ್ಕಿಕೊಂಡಿತ್ತು. ಬಳೆಯ ಹಾಗೆ ಬಾಗಿದ ಚೂರು, ಅಂಚಿಗೆ ಚಿನ್ನದ ಬಣ್ಣದ ಚುಕ್ಕಿ. ಅವನು ಅದನ್ನು ಬಿಡಿಸಿ ಅಂಗೈಯಲ್ಲಿಟ್ಟು ನೋಡಿದ. ಆಮೇಲೆ ಅಹ್ಮದನ ಬರಿಯ ಮುಂಗೈಗಳನ್ನು ನೋಡಿದ.

ಅಹ್ಮದ್ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಎಂತ ಸಾರ್ ಅದು?" ಧರ್ಮಪ್ಪ ಕೇಳಿದ.

"ಎಂತದೂ ಇಲ್ಲ. ಕಸ." ರಘುಪತಿ ಚೂರನ್ನು ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿದ. "ವ್ಯಾನ್ ತೆಗಿ. ಇವನೂ ಬರ್ತಾನೆ."

* * *

ಜನಾಜಾ ಮಸೀದಿಯಿಂದ ಹೊರಟು ಪೇಟೆ ದಾಟಿತ್ತು. ವ್ಯಾನು ಅವರನ್ನು ಕಬರಸ್ತಾನದ ಏರಿನ ಬುಡದಲ್ಲಿ ಹಿಡಿಯಿತು. ಅಂಗಡಿಯವರು, ಬಸ್ಸಿನ ಕಂಡಕ್ಟರು, ಕೊಡೆ ರಿಪೇರಿಗೆ ಕೊಟ್ಟು ಇನ್ನೂ ವಾಪಸು ಪಡೆಯದ ಶೃಂಗೇರಿಯ ಕೃಷ್ಣಯ್ಯ, ಎಲ್ಲ ಇದ್ದರು. ಹೆಗಲು ಬದಲಾಗುತ್ತ ಹೆಣದ ಮಂಚ ಮುಂದೆ ಸಾಗುತ್ತಿತ್ತು. ನಾಲ್ಕು ಹೆಜ್ಜೆ ಹೊತ್ತವನು ಹಿಂದೆ ಸರಿದರೆ ಮುಂದಿನವನು ಬಂದು ನುಸುಳುತ್ತಿದ್ದ.

ಅಹ್ಮದ್ ಇಳಿದು ಓಡಿ ಮಂಚದ ಕಾಲಿಗೆ ಕೈ ಹಾಕಿದ. ಅಷ್ಟರಲ್ಲಿ ಧರ್ಮಪ್ಪನ ಬಾಯಿ ಅವನಿಗಿಂತ ಮುಂದೆ ಓಡಿತ್ತು.

"ಸಾಬ್ರೇ, ಇವನು ಮಾಡಿದ ಕೆಲಸ ಕೇಳಿ! ಅಜೀಜ್ ಸಾಬರು ಮುಗಿಸಿಟ್ಟ ರೆಕ್ಕೆ ಬಿಚ್ಚಿ ಇಟ್ಟಿದ್ದ. ನಮ್ಮ ಸಾಹುಕಾರ್ರು ಇವತ್ತು ಸಾಯ್ತಿದ್ರು."

ಮಂಚ ನಿಲ್ಲಲಿಲ್ಲ, ಅದು ನಿಲ್ಲಬಾರದು. ಆದರೆ ಮಹಮ್ಮದ್ ಸಾಬರು ಅಹ್ಮದನ ಕೈಯನ್ನು ಮಂಚದ ಕಾಲಿನಿಂದ ಬಿಡಿಸಿದರು. ಜೋರಾಗಿಯಲ್ಲ, ಅದೇ ಹೆಚ್ಚು ಉರಿಯಿತು.

"ಬೈಕ್ ಕೇಳಿದ್ದು ಇದಕ್ಕೇನಾ? ಕೊನೇ ದಿನವೂ ಅವರ ಹೆಸರಿಗೆ ಮಣ್ಣು ಹಾಕ್ಲಿಕ್ಕೆ ನೋಡಿದ್ಯಾ? ನೀನು ಹಿಂದೆ ಬಾ. ಮುಟ್ಟಬೇಡ."

"ಚಾಚಾ..."

"ಮುಟ್ಟಬೇಡ ಅಂದೆ."

ಅಹ್ಮದ್ ಹಿಂದೆ ಉಳಿದ. ಯಾರೂ ಅವನ ಪಕ್ಕದಲ್ಲಿ ನಡೆಯಲಿಲ್ಲ. ಎದುರಿಗೆ ಬಿಳಿ ಟೋಪಿಗಳ ಸಾಲು, ಅವುಗಳ ಮೇಲೆ ಹಸಿರು ಚಾದರ, ಚಾದರದ ಅಡಿಯಲ್ಲಿ ಏಣಿ ಹತ್ತಲು ಅವನನ್ನೇ ಕರೆಯುತ್ತಿದ್ದ ಮನುಷ್ಯ. ಒಂದು ಮಾತು ಬಾಯಿಂದ ಹೊರಬಿದ್ದರೆ ಸಾಕು, ಈ ಟೋಪಿಗಳೆಲ್ಲ ದಾರಿ ಬಿಡುತ್ತವೆ. ಅವನು ಕೆಳದುಟಿ ಕಚ್ಚಿಕೊಂಡು ನಡೆದ.

ರಘುಪತಿ ಚಪ್ಪಲಿ ಬಿಟ್ಟು, ತಲೆಗೆ ಕರವಸ್ತ್ರ ಕಟ್ಟಿಕೊಂಡು ಮಹಮ್ಮದ್ ಸಾಬರ ಬಳಿಗೆ ಬಂದ.

"ನಾನು ಹೆಗಲು ಕೊಡಬಹುದಾ?"

"ಕೊಡಿ ಸಾರ್. ಹೆಗಲಿಗೆ ಜಾತಿಯಿಲ್ಲ."

ಅವನು ಮಂಚದ ಮುಂದಿನ ಬಲಗಾಲಿಗೆ ಹೆಗಲು ಕೊಟ್ಟ. ಕೊಟ್ಟದ್ದೇ ಮಂಚ ಒಂದು ಕಡೆಗೆ ವಾಲಿತು. ರಘುಪತಿ ಪುರದ ಯಾವ ಬಾಗಿಲಿಗೂ ತಗ್ಗದೆ ನುಗ್ಗಲಾಗದಷ್ಟು ಎತ್ತರದ ಆಳು. ಚಾದರ ಜಾರಿತು, ಎಡಗಡೆಯವನು "ಅರೆ, ಅರೆ!" ಅಂದ, ಹಿಂದಿನವರು ಕೈ ಚಾಚಿದರು.

"ಸಾರ್, ನೀವು ಬಿಡಿ, ಸಮ ಆಗೋದಿಲ್ಲ."

"ಬಿಡೋದಿಲ್ಲ," ರಘುಪತಿ ಅಂದ. "ಎಡಗಡೆಗೆ ಅಹ್ಮದನನ್ನ ಕರೀರಿ."

"ಅವನನ್ನಾ? ನಿಮ್ಮನ್ನ ಕೊಲ್ಲಲಿಕ್ಕೆ ಹೊರಟವನನ್ನಾ?"

"ಕೊಲ್ಲಲಿಕ್ಕೆ ಹೊರಟವ ಏಟು ತಿಂದು ತಡೀಲಿಕ್ಕೆ ಬರೋದಿಲ್ಲ ಸಾಬ್ರೇ." ಭಾರಕ್ಕೆ ಅವನ ಕುತ್ತಿಗೆಯ ನರ ಉಬ್ಬಿತ್ತು. "ನಿಮ್ಮ ಅಜೀಜ್ ಸಾಬರ ಕೆಲಸದಲ್ಲಿ ತಪ್ಪಿಲ್ಲ. ಈ ಹುಡುಗನದ್ದೂ ತಪ್ಪಿಲ್ಲ. ಇದಕ್ಕಿಂತ ಹೆಚ್ಚು ನನ್ನ ಕೇಳಬೇಡಿ. ಕರೀರಿ ಅವನನ್ನ."

ಮಹಮ್ಮದ್ ಸಾಬರು ಹಿಂದಕ್ಕೆ ತಿರುಗಿ ನೋಡಿದರು. ಅಹ್ಮದನ ಕೆನ್ನೆಯ ಮೇಲೆ ಐದು ಬೆರಳಿನ ಗುರುತು ಇನ್ನೂ ಕೆಂಪಗಿತ್ತು. ಅವರು ಪಕ್ಕಕ್ಕೆ ಸರಿದು ಅವನಿಗೆ ದಾರಿ ಬಿಟ್ಟರು.

ಅಹ್ಮದ್ ಮಂಚದ ಮುಂದಿನ ಎಡಗಾಲಿನ ಅಡಿ ನುಸುಳಿದ. ಅವನು ಮಾಮುವಿನಂತೆಯೇ ಗಿಡ್ಡ. ಮಂಚ ಮತ್ತೆ ವಾಲಿತು. ರಘುಪತಿ ಅತ್ತ ನೋಡಲಿಲ್ಲ, ಎರಡೂ ಮೊಣಕಾಲು ಮಡಿಸಿದ. ಅಹ್ಮದ್ ಇತ್ತ ಹಿಮ್ಮಡಿ ಎತ್ತಿದ. ಏರಿನ ಉದ್ದಕ್ಕೂ ಒಬ್ಬ ಕುಕ್ಕುರುಗಾಲಿನಲ್ಲಿ ತೊಡೆ ನಡುಗಿಸುತ್ತ, ಇನ್ನೊಬ್ಬ ತುದಿಗಾಲಿನಲ್ಲಿ ಜಲ್ಲಿಕಲ್ಲು ತುಳಿಯುತ್ತ ಹತ್ತಿದರು. ಬೇರೆಯವರು ಹೆಗಲು ಬದಲಿಸಲು ಬಂದರೆ ಇಬ್ಬರೂ ತಲೆಯಲ್ಲಾಡಿಸಿ ಕಳಿಸಿದರು. ಅವರ ನಡುವೆ, ಹಸಿರು ಚಾದರದ ಅಡಿ, ಅಬ್ದುಲ್ ಅಜೀಜರು ಒಂದಿಷ್ಟೂ ಅಲುಗದೆ ಸಮನಾಗಿ ಸಾಗಿದರು.